ಒಂದೇ ಕೇಬಲ್‌ನಲ್ಲಿ ಪಿಯಾನೊ ಧ್ವನಿಮುದ್ರಣ: ಯಮಹಾ ಪಿ-125ರ ವಿಮರ್ಶೆ

ಬಳ್ಳಾರಿಯಲ್ಲಿ ಮನೆಯೊಳಗೆ ಮೈಕ್ ಇಟ್ಟುಕೊಂಡು ಪಿಯಾನೊ ಮುದ್ರಿಸುವುದು ವರ್ಷದ ಬಹುಪಾಲು ಕಾಲ ಆಗದ ಮಾತು. ಮಾರ್ಚ್ ಬಂತೆಂದರೆ ಫ್ಯಾನ್ ನಿಲ್ಲಿಸುವಂತಿಲ್ಲ, ಕೂಲರ್ ಹಾಕಿದರೆ ಅದರ ಸದ್ದು ಸಣ್ಣ ಸ್ವರಗಳನ್ನೆಲ್ಲ ನುಂಗುತ್ತದೆ, ಕಿಟಕಿ ತೆರೆದರೆ ಆಟೊ ಮತ್ತು ಲಾರಿಗಳ ಹಾರ್ನ್ ಒಳಗೆ ಬರುತ್ತದೆ. ಆದ್ದರಿಂದ ಈ ಊರಿನಲ್ಲಿ ಮುದ್ರಣಕ್ಕೆಂದೇ ಡಿಜಿಟಲ್ ಪಿಯಾನೊ ಕೊಳ್ಳುವವರು ಅದರ ಮುಂಭಾಗದ ಗುಂಡಿಗಳಿಗಿಂತ ಮೊದಲು ಹಿಂಭಾಗವನ್ನು ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿರುವ ಯುಎಸ್‌ಬಿ ಪೋರ್ಟ್‌ನಿಂದ ಕಂಪ್ಯೂಟರಿಗೆ ಏನೇನು ಹೋಗುತ್ತದೆ ಎಂಬುದೇ ಮುಖ್ಯ ಪ್ರಶ್ನೆ. ಸುಗಮ ಸಂಗೀತದ ಗಾಯಕರಿಗೆ ಹಿಮ್ಮೇಳ ಸಿದ್ಧಪಡಿಸಲು ನಾನು ಬಳಸುತ್ತಿರುವ ಯಮಹಾ ಪಿ-125 ಈ ಪ್ರಶ್ನೆಗೆ ತೃಪ್ತಿಕರವಾದ ಉತ್ತರ ಕೊಡುತ್ತದೆ.

2018ರಲ್ಲಿ ಮಾರುಕಟ್ಟೆಗೆ ಬಂದ ಈ ವಾದ್ಯದಲ್ಲಿ 88 ಕೀಲಿಗಳಿವೆ. ಅವು ಒಳಗೆ ಸುತ್ತಿಗೆಯ ಭಾರವಿರುವಂಥವು. ಮಂದ್ರದ ಕಡೆ ಹೆಚ್ಚು ಭಾರ, ತಾರದ ಕಡೆ ಕಡಿಮೆ. ಪೇಟಿ ನುಡಿಸಿ ಪಳಗಿದ ಬೆರಳುಗಳಿಗೆ ಮೊದಮೊದಲು ಇದು ಗಟ್ಟಿ ಎನಿಸುವುದು ಸಹಜ. ಆದರೆ ಮುದ್ರಣದಲ್ಲಿ ಈ ಭಾರವೇ ನೆರವಿಗೆ ಬರುತ್ತದೆ, ಏಕೆಂದರೆ ಮೆಲ್ಲಗೆ ಒತ್ತಿದ್ದಕ್ಕೂ ಜೋರಾಗಿ ಒತ್ತಿದ್ದಕ್ಕೂ ನಡುವಿನ ಅಂತರ ಸ್ಪಷ್ಟವಾಗಿ ದಾಖಲಾಗುತ್ತದೆ.

ಯುಎಸ್‌ಬಿ ಎಂದರೆ ಎಲ್ಲ ಪಿಯಾನೊಗಳಲ್ಲೂ ಒಂದೇ ಎಂದು ಅನೇಕರು ತಿಳಿದಿದ್ದಾರೆ, ಹಾಗಲ್ಲ. ಬಹಳಷ್ಟು ಕಡಿಮೆ ಬೆಲೆಯ ಪಿಯಾನೊಗಳು ಯುಎಸ್‌ಬಿ ಮೂಲಕ ಕಳುಹಿಸುವುದು ಮಿಡಿ ಮಾಹಿತಿಯನ್ನು ಮಾತ್ರ. 1983ರಿಂದ ಬಳಕೆಯಲ್ಲಿರುವ ಈ ಮಿಡಿ ಪದ್ಧತಿಯಲ್ಲಿ ಶಬ್ದವೇ ಇರುವುದಿಲ್ಲ. ಯಾವ ಕೀಲಿ, ಎಷ್ಟು ಬಿರುಸಾಗಿ, ಯಾವಾಗ ಒತ್ತಲಾಯಿತು, ಯಾವಾಗ ಬಿಡಲಾಯಿತು, ಪೆಡಲ್ ಎಲ್ಲಿತ್ತು ಎಂಬ ವಿವರವಷ್ಟೇ ಇರುತ್ತದೆ. ಅದು ಸ್ವರಲಿಪಿಯಿದ್ದಂತೆ; ಹಾಡಾಗಬೇಕಾದರೆ ಕಂಪ್ಯೂಟರಿನಲ್ಲಿ ಬೇರೊಂದು ಪಿಯಾನೊ ತಂತ್ರಾಂಶ ಅದನ್ನು ನುಡಿಸಬೇಕು. ಆದರೆ ಪಿ-125 ಅದೇ ಕೇಬಲ್‌ನಲ್ಲಿ ಮಿಡಿಯ ಜೊತೆಗೆ ತನ್ನ ಸ್ವಂತ ನಾದವನ್ನೂ 44.1 ಕಿಲೊಹರ್ಟ್ಸ್, 16 ಬಿಟ್ ಸ್ಟೀರಿಯೊ ರೂಪದಲ್ಲಿ, ಅಂದರೆ ಸಿಡಿಯ ಗುಣಮಟ್ಟದಲ್ಲಿ, ನೇರವಾಗಿ ಕಳುಹಿಸುತ್ತದೆ. ನಡುವೆ ಮೈಕ್ ಇಲ್ಲದಿರುವುದರಿಂದ ಫ್ಯಾನ್ ಎಷ್ಟು ಜೋರಾಗಿ ತಿರುಗಿದರೂ ಮುದ್ರಣದಲ್ಲಿ ಅದರ ಸುಳಿವೂ ಸಿಗುವುದಿಲ್ಲ.

ಜೋಡಣೆ ಕಷ್ಟವಲ್ಲ, ಆದರೆ ಕ್ರಮ ತಪ್ಪಬಾರದು. ಬೇಕಾಗುವುದು ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಚೌಕವಾಗಿರುವ ಯುಎಸ್‌ಬಿ ಕೇಬಲ್. ರಾಯಲ್ ವೃತ್ತದ ಸುತ್ತಲಿನ ಕಂಪ್ಯೂಟರ್ ಅಂಗಡಿಗಳಲ್ಲಿ ಪ್ರಿಂಟರ್ ಕೇಬಲ್ ಎಂದು ಕೇಳಿದರೆ ಸಾಕು. ಮೂರು ಮೀಟರಿಗಿಂತ ಉದ್ದದ್ದು ಬೇಡ. ಕಂಪ್ಯೂಟರಿನಲ್ಲಿ ಮೊದಲು ಪಿಯಾನೊವನ್ನು ಗುರುತಿಸಲು ನೆರವಾಗುವ ತಂತ್ರಾಂಶವಾದ ಯಮಹಾ ಸ್ಟೈನ್‌ಬರ್ಗ್ ಯುಎಸ್‌ಬಿ ಡ್ರೈವರ್ ಹಾಕಿಕೊಂಡು, ಆಮೇಲೆ ಪಿಯಾನೊ ಜೋಡಿಸುವುದು ಒಳ್ಳೆಯದು. ಬಳಿಕ ಮುದ್ರಣ ತಂತ್ರಾಂಶದ ಸೆಟ್ಟಿಂಗ್‌ನಲ್ಲಿ, ವಿಂಡೋಸ್‌ನಲ್ಲಿ ಧ್ವನಿಯನ್ನು ಹೆಚ್ಚು ತಡವಿಲ್ಲದೆ ಸಾಗಿಸುವ ಏಸಿಯೊ (ASIO) ಡ್ರೈವರ್ ಆರಿಸಿಕೊಳ್ಳಬೇಕು. ನಾನು ರೀಪರ್ ಬಳಸುತ್ತೇನೆ. ಅದು ಹಳೆಯ ಲ್ಯಾಪ್‌ಟಾಪ್‌ನಲ್ಲೂ ಹಗುರವಾಗಿ ನಡೆಯುತ್ತದೆ. ಆಡಾಸಿಟಿ ನಾದವನ್ನು ಮುದ್ರಿಸಲು ಸಾಕಾದರೂ ಮಿಡಿ ಮುದ್ರಣಕ್ಕೆ ಒದಗುವುದಿಲ್ಲ. ಕೀಲಿ ಒತ್ತಿದ ಮೇಲೆ ಕಂಪ್ಯೂಟರಿನ ಮೂಲಕ ಬರುವ ಸ್ವರ ತಡವಾಗಿ ಕೇಳಿಸುತ್ತಿದ್ದರೆ ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಧ್ವನಿಯ ತುಣುಕಿನ ಗಾತ್ರ, ಕಡಿಮೆ ಮಾಡಬೇಕು: 1024 ಸ್ಯಾಂಪಲ್‌ಗೆ ಸುಮಾರು 23 ಮಿಲಿಸೆಕೆಂಡ್ ವಿಳಂಬವಾದರೆ, 256ಕ್ಕೆ ಸುಮಾರು 6 ಮಾತ್ರ. ಮೊದಲನೆಯದರಲ್ಲಿ ಲಯ ಜಗ್ಗುತ್ತದೆ. ಎರಡನೆಯದರಲ್ಲಿ ಬೆರಳಿಗೆ ವ್ಯತ್ಯಾಸ ತಿಳಿಯುವುದೇ ಇಲ್ಲ.

ಮಿಡಿ ಮತ್ತು ನಾದ ಎರಡನ್ನೂ ಬೇರೆಬೇರೆ ಟ್ರ್ಯಾಕ್‌ಗಳಲ್ಲಿ ಒಟ್ಟಿಗೆ ಮುದ್ರಿಸಿಕೊಳ್ಳುವುದರ ಲಾಭ ಎಷ್ಟೆಂಬುದನ್ನು ಒಂದು ಉದಾಹರಣೆಯಿಂದ ಹೇಳುವೆ. ಇತ್ತೀಚೆಗೆ ಒಂದು ಭಾವಗೀತೆಯ ಪಲ್ಲವಿಗೆ ಮುಂಚಿನ ವಾದ್ಯಭಾಗದಲ್ಲಿ, ಎಡಗೈಯ ಒಂದು ಸ್ವರ ಅಕ್ಕಪಕ್ಕದವುಗಳಿಗಿಂತ ಥಟ್ಟನೆ ಮೇಲೆದ್ದು ಕೇಳುತ್ತಿತ್ತು. ಕಂಪ್ಯೂಟರಿನ ಪರದೆಯ ಮೇಲೆ ಮಿಡಿ ಸ್ವರಗಳು ಉದ್ದುದ್ದ ಪಟ್ಟಿಗಳಾಗಿ ಕಾಣುತ್ತವೆ. ಅವುಗಳಲ್ಲಿ ಆ ಪಟ್ಟಿಯನ್ನು ಆರಿಸಿದಾಗ ಅದರ ಬಿರುಸು 127ರ ಅಳತೆಯಲ್ಲಿ 96 ಇತ್ತು, ಸುತ್ತಲಿನವು 60ರ ಆಸುಪಾಸಿನಲ್ಲಿದ್ದವು. ಅದನ್ನು 62ಕ್ಕೆ ಇಳಿಸಿದ್ದೇ ತಡ, ಆ ಸ್ವರಗಳ ಸಾಲು ಸಮವಾಯಿತು. ಮತ್ತೆ ನುಡಿಸುವ ಅಗತ್ಯ ಬರಲಿಲ್ಲ. ಹಾಗೆಯೇ ಕಪ್ಪು ಒಂದರ (ಸಿ ಶಾರ್ಪ್) ಶ್ರುತಿಯಲ್ಲಿ ಅಭ್ಯಾಸ ಮಾಡಿದ್ದ ಗಾಯಕಿ ಅಂದು ಗಂಟಲು ಸರಿಯಿಲ್ಲವೆಂದು ಬಿಳಿ ಒಂದಕ್ಕೆ (ಸಿ) ಇಳಿಸಿಕೊಂಡರೆ, ಮಿಡಿ ಟ್ರ್ಯಾಕನ್ನು ಅರ್ಧ ಸ್ವರ ಕೆಳಗಿಳಿಸಿದರಾಯಿತು. ನಾದದ ಗುಣ ಕೆಡುವುದಿಲ್ಲ. ತಿದ್ದಿದ ಮಿಡಿಯನ್ನು ಪಿಯಾನೊಗೇ ಮರಳಿ ಕಳುಹಿಸಿ, ಅದು ನುಡಿಸಿದ್ದನ್ನು ಯುಎಸ್‌ಬಿಯಲ್ಲೇ ಮತ್ತೆ ಮುದ್ರಿಸಿಕೊಳ್ಳಬಹುದು. ಈ ಬೆಲೆಯ ವಾದ್ಯದಲ್ಲಿ ಇಂಥ ಸೌಲಭ್ಯ ಸಿಕ್ಕಿದ್ದು ನನಗೆ ನಿಜಕ್ಕೂ ಸಂತೋಷ ತಂದಿದೆ.

ಗೊಂದಲ ಹುಟ್ಟಿಸುವ ಎರಡು ಸೆಟ್ಟಿಂಗ್‌ಗಳಿವೆ. ಕಂಪ್ಯೂಟರಿನ ಪಿಯಾನೊ ತಂತ್ರಾಂಶವನ್ನು ಬಳಸುವಾಗ ಒಂದೇ ಸ್ವರ ಎರಡು ಸಲ ಒಂದರ ಮೇಲೊಂದು ಕೇಳಿಸಿದರೆ, ಪಿಯಾನೊದ ಲೋಕಲ್ ಕಂಟ್ರೋಲ್ ಆಫ್ ಮಾಡಬೇಕು. ಆಗ ಕೀಲಿಗಳು ಮಾಹಿತಿ ಕಳುಹಿಸುತ್ತವೆ, ವಾದ್ಯ ತಾನಾಗಿ ನುಡಿಯುವುದಿಲ್ಲ. ಎರಡನೆಯದು ಆಡಿಯೊ ಲೂಪ್ ಬ್ಯಾಕ್. ಇದು ಆನ್ ಇದ್ದರೆ ಕಂಪ್ಯೂಟರಿನಿಂದ ಪಿಯಾನೊಗೆ ಬರುವ ತಂಬೂರಿ ಅಥವಾ ತಾಳದ ಶಬ್ದವೂ ತಿರುಗಿ ಮುದ್ರಣದೊಳಗೆ ಸೇರಿಬಿಡುತ್ತದೆ. ಪಿಯಾನೊ ಮಾತ್ರ ಶುದ್ಧವಾಗಿ ಬೇಕೆನ್ನುವವರು ಇದನ್ನು ಆಫ್ ಮಾಡಲೇಬೇಕು. ಈ ವಾದ್ಯಕ್ಕೆ ಪರದೆಯಿಲ್ಲ. ಫಂಕ್ಷನ್ ಗುಂಡಿ ಒತ್ತಿ ಹಿಡಿದು ನಿರ್ದಿಷ್ಟ ಕೀಲಿಯನ್ನು ಒತ್ತುವ ಪದ್ಧತಿ ನೆನಪಿನಲ್ಲಿ ಉಳಿಯುವಂಥದ್ದಲ್ಲ. ಕೈಪಿಡಿಯ ಆ ಪುಟದ ನಕಲೊಂದನ್ನು ಸ್ಟ್ಯಾಂಡಿಗೆ ಅಂಟಿಸಿಕೊಳ್ಳುವುದು ಮೇಲು.

ನನ್ನ ಮುಖ್ಯ ಆಕ್ಷೇಪ ಬೇರೆಯದು. ವಿಂಡೋಸ್‌ನಲ್ಲಿ ಏಸಿಯೊ ಬಳಸುವಾಗ ಮುದ್ರಣ ತಂತ್ರಾಂಶ ಸಾಮಾನ್ಯವಾಗಿ ಒಂದು ಸಮಯಕ್ಕೆ ಒಂದೇ ಉಪಕರಣವನ್ನು ಹಿಡಿದುಕೊಳ್ಳುತ್ತದೆ. ಪಿಯಾನೊವೇ ಆ ಉಪಕರಣವಾದರೆ ಹಾಡುವವರ ಮೈಕ್‌ಗೆ ಜಾಗವಿಲ್ಲ, ಪಿಯಾನೊದಲ್ಲಿಯೂ ಮೈಕ್ ಚುಚ್ಚುವ ರಂಧ್ರವಿಲ್ಲ. ಹಾಡು ಮತ್ತು ವಾದ್ಯ ಒಟ್ಟಿಗೇ ಮುದ್ರಣವಾಗಬೇಕಾದರೆ ಮೈಕ್ ಮತ್ತು ವಾದ್ಯ ಎರಡನ್ನೂ ಕಂಪ್ಯೂಟರಿಗೆ ಸೇರಿಸುವ ಪ್ರತ್ಯೇಕ ಆಡಿಯೊ ಇಂಟರ್‌ಫೇಸ್ ಕೊಂಡು, ಪಿಯಾನೊದ ಧ್ವನಿ ಹೊರಬರುವ ಆಕ್ಸ್ ಔಟ್ ರಂಧ್ರಗಳಿಂದ ಎರಡು ತಂತಿ ಎಳೆದು ಅದಕ್ಕೆ ಕೊಡಬೇಕಾಗುತ್ತದೆ. ಯುಎಸ್‌ಬಿ ಆಗ ಮಿಡಿಗಷ್ಟೇ ಉಳಿಯುತ್ತದೆ. ಈ ದಾರಿಯಲ್ಲಿ 24 ಬಿಟ್ ಮುದ್ರಣ ಸಾಧ್ಯವೆನ್ನುವುದು ನಿಜ. ಆದರೆ ಲ್ಯಾಪ್‌ಟಾಪ್ ಚಾರ್ಜರ್ ಚುಚ್ಚಿದಾಗ ಮನೆಯ ಅರ್ಥಿಂಗ್ ಸರಿಯಿಲ್ಲದಿದ್ದರೆ ಹಿನ್ನೆಲೆಯಲ್ಲಿ ಗುಂಯ್ ಎನ್ನುವ ಸದ್ದು ಸೇರುವ ಸಂಭವವೂ ಇದೆ. ಹಾಡುವವರು ಬೇರೆ ಸಮಯದಲ್ಲಿ ಬಂದು ಹಾಡುವುದಾದರೆ ಈ ತೊಡಕು ಇಲ್ಲವೇ ಇಲ್ಲ. ಪಿಯಾನೊ ಮುದ್ರಿಸಿಟ್ಟು, ಆಮೇಲೆ ಉಪಕರಣ ಬದಲಿಸಿಕೊಂಡರೆ ಆಯಿತು.

ವಿದ್ಯುತ್ತಿನ ವಿಷಯವನ್ನೂ ಹೇಳಬೇಕು. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತದೆ, ಪಿಯಾನೊ ಆರಿಹೋಗುತ್ತದೆ, ಅದರೊಂದಿಗೆ ತಂತ್ರಾಂಶಕ್ಕೆ ಧ್ವನಿಯ ಮಾರ್ಗವೂ ಕಡಿದುಹೋಗುತ್ತದೆ. 12 ವೋಲ್ಟ್‌ನ ಅಡಾಪ್ಟರ್ ಆದ್ದರಿಂದ ಚಿಕ್ಕ ಯುಪಿಎಸ್ ಕೂಡ ಇದನ್ನು ನಿಭಾಯಿಸುತ್ತದೆ. ಕರೆಂಟ್ ಬಂದ ಮೇಲೆ ಪಿಯಾನೊವನ್ನು ತಕ್ಷಣ ಆಫ್ ಮಾಡಿ ಆನ್ ಮಾಡದೆ ಆರೇಳು ಸೆಕೆಂಡ್ ಬಿಟ್ಟರೆ ಕಂಪ್ಯೂಟರ್ ಅದನ್ನು ಸರಿಯಾಗಿ ಗುರುತಿಸುತ್ತದೆ. ನಮ್ಮ ಕಡೆಯ ಕೆಂಪು ದೂಳಿಗೆ ಬಟ್ಟೆಯ ಹೊದಿಕೆ ಅನಿವಾರ್ಯ. ಜ್ಯಾಕ್‌ಗಳ ರಂಧ್ರಗಳಿರುವ ಹಿಂಭಾಗವೂ ಅದರಲ್ಲಿ ಮುಚ್ಚಿರಬೇಕು.

ಜೊತೆಗೆ ಬರುವ ಕಾಲ್ಗುಂಡಿ ಆನ್, ಆಫ್ ಎರಡನ್ನಷ್ಟೇ ಬಲ್ಲದು. ನಿಧಾನಗತಿಯ ಗೀತೆಗಳನ್ನು ಮುದ್ರಿಸುವವರು ಎಫ್‌ಸಿ3ಎ ಪೆಡಲ್ ಪ್ರತ್ಯೇಕವಾಗಿ ಕೊಳ್ಳಲೇಬೇಕು. ಅರ್ಧ ಒತ್ತಿದ ಪೆಡಲಿನ ಹದ ಅದರಲ್ಲಿ ದಾಖಲಾಗುತ್ತದೆ. 2023ರಲ್ಲಿ ಇದರ ಜಾಗಕ್ಕೆ ಪಿ-225 ಬಂದಿದ್ದು, ಅದರಲ್ಲಿ ಬ್ಲೂಟೂತ್ ಆಡಿಯೊ ಇದೆ. ಆದರೆ ಬ್ಲೂಟೂತ್ ಶಬ್ದ ತಡವಾಗಿ ಬರುವುದರಿಂದ ಮುದ್ರಣಕ್ಕೆ ಅದನ್ನು ನಂಬುವುದು ಬೇಡ, ತಂತಿಯೇ ಸರಿ. ಬಳಸಿದ ಪಿ-125 ಕೊಳ್ಳುವುದಾದರೆ ಲ್ಯಾಪ್‌ಟಾಪ್ ಮತ್ತು ಕೇಬಲ್ ಒಯ್ದು, ಡ್ರೈವರ್ ಮೊದಲೇ ಹಾಕಿಟ್ಟುಕೊಂಡು, ಮಂದ್ರದಿಂದ ತಾರದವರೆಗೆ 88 ಕೀಲಿಗಳನ್ನೂ ಒಂದೊಂದಾಗಿ ಒತ್ತಿ ಮುದ್ರಿಸಿ ನೋಡಿ. ಯಾವ ಕೀಲಿಯ ಸಂವೇದಕ ಸವೆದಿದೆಯೋ ಅದರ ಬಿರುಸಿನ ಸಂಖ್ಯೆ ಪರದೆಯಲ್ಲಿ ಉಳಿದವುಗಳಿಗಿಂತ ಬೇರೆಯಾಗಿ ಕಾಣುತ್ತದೆ.