ಕನ್ನಡ ವಿಕಿಪೀಡಿಯ ಬಳಗ: ದೂರದ ಗುರಿಯೋ, ವರ್ಷದ ಯೋಜನೆಯೋ?

ಬಳಗದ ಸ್ವಯಂಸೇವಕರ ಶ್ರಮದ ಲೆಕ್ಕದಲ್ಲಿ, ಹಲವು ವರ್ಷಗಳ ಗುರಿಗಿಂತ ವರ್ಷದ ಯೋಜನೆಯೇ ಹಗುರ. ವಿಕಿಪೀಡಿಯದಂಥ ಯೋಜನೆಗಳನ್ನು ನಡೆಸುವ ಜಾಗತಿಕ ಸಮುದಾಯವಾದ ವಿಕಿಮೀಡಿಯ ಆಂದೋಲನ 2030ರವರೆಗಿನ ದಿಕ್ಕನ್ನು 2017ರಲ್ಲಿ ಗೊತ್ತುಮಾಡಿತು. ಅದಕ್ಕೆ ಹತ್ತು ಶಿಫಾರಸುಗಳು ಹೊರಬಂದದ್ದು 2020ರಲ್ಲಿ. ಸಂಬಳದ ಸಿಬ್ಬಂದಿಯ ನೆರವಿದ್ದೂ ಇಷ್ಟು ಕಾಲ ಹಿಡಿಯಿತು. ಕಚೇರಿ ಮುಗಿಸಿ ಬಂದು ರಾತ್ರಿ ಲೇಖನ ತಿದ್ದುವ ಐದಾರು ಮಂದಿಗೆ ಅಷ್ಟು ಚರ್ಚೆ ಹೊರೆಯೇ ಸರಿ.

ಬಾಳಿಕೆಯಲ್ಲಿ ಮಾತ್ರ ದೂರದ ಗುರಿ ಮೇಲು. ಪರೀಕ್ಷೆ, ಮದುವೆ, ವರ್ಗಾವಣೆ ಅಂತ ಸ್ವಯಂಸೇವಕರು ದೂರವಾಗುತ್ತಾರೆ. ಸಂಪಾದನೋತ್ಸವದಲ್ಲಿ, ಅಂದರೆ ಹಲವರು ಕೂಡಿ ಲೇಖನ ಬರೆಯುವ ಕಾರ್ಯಕ್ರಮದಲ್ಲಿ ಹುಟ್ಟಿದ, ಉಲ್ಲೇಖವೇ ಇಲ್ಲದ ಎರಡು ಸಾಲಿನ ಲೇಖನಗಳನ್ನು ಆಮೇಲೆ ಬೆಳೆಸುವವರು ಯಾರು? ವರ್ಷದ ಯೋಜನೆ ಇದನ್ನು ಸುಲಭವಾಗಿ ಮರೆಯುತ್ತದೆ. ನನಗೆ ಇದೇ ದೊಡ್ಡ ಚಿಂತೆ.

ಕಾಲೇಜುಗಳ ಜೊತೆ ಕೈಜೋಡಿಸುವುದಾದರೆ ಮೂರು ವರ್ಷದ ಗುರಿಯಾದರೂ ಇರಲಿ. ಬಳಗ ಈಗಷ್ಟೇ ಕೂಡಿದ್ದರೆ ವರ್ಷದ್ದು ಸಾಕು. ಪುಟಗಳನ್ನು ಅಳಿಸುವ, ಕಾಪಾಡುವಂಥ ಅಧಿಕಾರವಿರುವ ಹೊಸ ನಿರ್ವಾಹಕರನ್ನು (ಅಡ್ಮಿನ್) ತಯಾರು ಮಾಡುವ ಕೆಲಸವನ್ನು ಅದರ ಮೊದಲ ಸಾಲಿನಲ್ಲೇ ಬರೆದುಕೊಳ್ಳಿ.