ಏಬಲ್ ಖಾತೆ: ಎಸ್‌ಎಸ್‌ಐ ನಿಲ್ಲದಂತೆ ದುಡ್ಡು ಕೂಡಿಡಲು ಇದು ಎಷ್ಟರ ಮಟ್ಟಿಗೆ ಆದೀತು?

ಅಮೆರಿಕದಲ್ಲಿ ಎಸ್‌ಎಸ್‌ಐ (ಕಡಿಮೆ ಆದಾಯ, ಕಡಿಮೆ ಆಸ್ತಿಯ ಅಂಗವಿಕಲರಿಗೆ, ವೃದ್ಧರಿಗೆ ಕೇಂದ್ರ ಸರ್ಕಾರ ಕೊಡುವ ಮಾಸಿಕ ನೆರವು) ಪಡೆಯುವ ಅಂಗವಿಕಲರ ಹೆಸರಿನಲ್ಲಿ ಇರಬಹುದಾದ ಉಳಿತಾಯ 2,000 ಡಾಲರ್. ಗಂಡ ಹೆಂಡತಿ ಇಬ್ಬರೂ ಪಡೆಯುತ್ತಿದ್ದರೆ ಇಬ್ಬರಿಗೂ ಸೇರಿ 3,000. 1989ರಿಂದ ಈ ಮಿತಿ ಒಂದು ಸೆಂಟೂ ಏರಿಲ್ಲ. ಪ್ರತಿ ತಿಂಗಳ ಒಂದನೇ ತಾರೀಖು ಶುರುವಾಗುವ ಕ್ಷಣದಲ್ಲಿ ಎಷ್ಟು ಹಣ ಇದೆ ಎಂಬುದೇ ಲೆಕ್ಕ. ಅಂದು 2,001 ಇದ್ದರೆ ಕಡಿತವಾಗುವುದು ಆ ಒಂದು ಡಾಲರ್ ಅಲ್ಲ, ಇಡೀ ತಿಂಗಳ ಹಣ. 2026ರಲ್ಲಿ ಒಬ್ಬರಿಗೆ ಕೇಂದ್ರದ ಗರಿಷ್ಠ ಮೊತ್ತ 994 ಡಾಲರ್. ಮಿತಿ ದಾಟಿದ್ದು ತಡವಾಗಿ ಗೊತ್ತಾದರೆ ಅಷ್ಟೂ ತಿಂಗಳ ಹಣವನ್ನು ವಾಪಸ್ ಕೊಡಿ ಎಂಬ ನೋಟಿಸು ಬರುತ್ತದೆ. ಹೆಚ್ಚಿನ ರಾಜ್ಯಗಳಲ್ಲಿ ಎಸ್‌ಎಸ್‌ಐ ಜೊತೆಗೇ ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಡ್ ಕೂಡ ಹೆಣೆದುಕೊಂಡಿದೆ. ನಿಜವಾದ ಭಯ ಅದರದ್ದು.

ಊರಿನಲ್ಲಿ ಪಿಂಚಣಿಗೆ ಅರ್ಜಿ ಹಾಕಿದವರಿಗೆ ನಾಡಕಚೇರಿಯ ಆದಾಯ ಪ್ರಮಾಣಪತ್ರ ಗೊತ್ತು. ಇಲ್ಲಿ ಆದಾಯದ ಜೊತೆ ಕೂಡಿಟ್ಟದ್ದನ್ನೂ ನೋಡುತ್ತಾರೆ. ವಾಸದ ಮನೆ, ಒಂದು ಕಾರು, ಮನೆಯ ಸಾಮಾನು ಲೆಕ್ಕಕ್ಕಿಲ್ಲ. ಉಳಿದದ್ದು ಬಹುತೇಕ ಎಲ್ಲವೂ ಲೆಕ್ಕಕ್ಕಿದೆ.

ಈ ಗೋಡೆಯಲ್ಲಿ ಕಾನೂನೇ ಕೊರೆದುಕೊಟ್ಟ ಬಾಗಿಲು ಏಬಲ್ (ABLE) ಖಾತೆ, ಅಂದರೆ ಅಂಗವಿಕಲರ ಹೆಸರಿನಲ್ಲಿ ತೆರೆಯುವ ವಿಶೇಷ ಉಳಿತಾಯ ಖಾತೆ. 2014ರ ಡಿಸೆಂಬರ್‌ನಲ್ಲಿ ಕಾಯ್ದೆ ಬಂತು, 2016ರಲ್ಲಿ ಓಹಾಯೋ ರಾಜ್ಯ ಮೊದಲ ಖಾತೆಗಳನ್ನು ತೆರೆಯಿತು. ಖಾತೆಯಲ್ಲಿರುವ ಮೊದಲ 1,00,000 ಡಾಲರ್ ಎಸ್‌ಎಸ್‌ಐ ಲೆಕ್ಕಕ್ಕೆ ಬರುವುದಿಲ್ಲ. ಹಾಕಿದ ಹಣ ಬೆಳೆದು, ಅಂಗವೈಕಲ್ಯಕ್ಕೆ ಸಂಬಂಧಿಸಿದ ಖರ್ಚಿಗೆ ಹೋದರೆ ಆ ಬೆಳವಣಿಗೆಗೆ ಕೇಂದ್ರದ ತೆರಿಗೆಯಿಲ್ಲ. ಐದಕ್ಕೆ ನಾಲ್ಕು ಅಂಕ ಕೊಡಬಹುದು. ದಿನಬಳಕೆಯ ಹಣ ಹರಿದು ಹೋಗುವ ಕಾಲುವೆಯಾಗಿ ಇದಕ್ಕಿಂತ ಒಳ್ಳೆಯದು ಸದ್ಯ ಇಲ್ಲ. ಕುಟುಂಬದ ದೊಡ್ಡ ಗಂಟನ್ನೆಲ್ಲ ತಂದಿಡುವ ಜಾಗ ಮಾತ್ರ ಇದಲ್ಲ. ಒಂದು ಅಂಕ ಕಡಿಮೆಯಾದದ್ದು ಏಕೆಂದು ಮುಂದೆ ಗೊತ್ತಾಗುತ್ತದೆ.

ತೆರೆಯುವುದು ಸುಲಭ. ಅಂಗವೈಕಲ್ಯ 46 ತುಂಬುವ ಮೊದಲೇ ಶುರುವಾಗಿರಬೇಕು. 2025ರ ಕೊನೆಯವರೆಗೆ ಈ ಮಿತಿ 26 ಇತ್ತು. ಹಿಂದೆ ತಿರಸ್ಕೃತರಾದವರು ಈಗ ಮತ್ತೆ ನೋಡಬಹುದು. ಖಾತೆ ತೆರೆಯುವಾಗಿನ ವಯಸ್ಸು ಎಷ್ಟಿದ್ದರೂ ನಡೆಯುತ್ತದೆ. ಎಸ್‌ಎಸ್‌ಐ ಆಗಲಿ, ಎಸ್‌ಎಸ್‌ಡಿಐ (ದುಡಿದು ತೆರಿಗೆ ಕಟ್ಟಿದ್ದರ ಆಧಾರದ ಮೇಲೆ ಸಿಗುವ ಅಂಗವೈಕಲ್ಯ ವಿಮೆ) ಆಗಲಿ ಬರುತ್ತಿಲ್ಲದಿದ್ದರೆ ವೈದ್ಯರ ಸಹಿ ಇರುವ ರೋಗನಿರ್ಣಯ ಪತ್ರ ಬೇಕು. ಸಾಮಾನ್ಯವಾಗಿ ಅದನ್ನು ಅರ್ಜಿಯ ಜೊತೆ ಕಳಿಸಬೇಕಿಲ್ಲ, ಆದರೆ ಕೇಳಿದ ದಿನ ಕೈಯಲ್ಲಿರಬೇಕು. ಒಬ್ಬರಿಗೆ ಒಂದೇ ಖಾತೆ. ಸ್ವತಃ ನಿಭಾಯಿಸಲಾಗದವರ ಪರವಾಗಿ ತಂದೆ ತಾಯಿ, ಒಡಹುಟ್ಟಿದವರು, ಅಜ್ಜ ಅಜ್ಜಿ ಕೂಡ ತೆರೆಯಬಹುದು. ಅದಕ್ಕಾಗಿ ಕೋರ್ಟಿನಿಂದ ಪೋಷಕತ್ವ ತರಬೇಕಾಗಿಲ್ಲ. ಎಲ್ಲರೂ ಸೇರಿ 2026ರಲ್ಲಿ ಹಾಕಬಹುದಾದದ್ದು 20,000 ಡಾಲರ್. ಕೆಲಸ ಮಾಡುವ ಫಲಾನುಭವಿ, ಉದ್ಯೋಗದಾತರ ನಿವೃತ್ತಿ ಯೋಜನೆಗೆ ಆ ವರ್ಷ ಹಣ ಹೋಗಿಲ್ಲದಿದ್ದರೆ, ತನ್ನ ಸಂಬಳದಿಂದ ಇದರ ಮೇಲೆ ಇನ್ನಷ್ಟು ಸೇರಿಸಬಹುದು.

ಈ ಖಾತೆಯ ಬೆಲೆ ತಿಳಿಯುವುದು ಬಾಡಿಗೆಯಲ್ಲಿ. ಬೇರೆ ಮನೆ ಮಾಡಿಕೊಂಡಿರುವ ಮಗನ ಬಾಡಿಗೆಯನ್ನು ಅಪ್ಪ ನೇರವಾಗಿ ಮನೆ ಮಾಲೀಕರಿಗೆ ಕಟ್ಟಿದರೆ, ಅದನ್ನು ಮಗನಿಗೆ ವಸ್ತುರೂಪದಲ್ಲಿ ಸಿಕ್ಕ ಆದಾಯ ಎಂದು ಹಿಡಿಯುತ್ತಾರೆ. ಬೇರೆ ಆದಾಯವಿಲ್ಲದವನ 994 ಡಾಲರ್ ಸುಮಾರು 662ಕ್ಕೆ ಇಳಿಯಬಹುದು. ಅದೇ ಅಪ್ಪ ಅದೇ ಹಣವನ್ನು ಮಗನ ಏಬಲ್ ಖಾತೆಗೆ ಹಾಕಿ, ಬಾಡಿಗೆ ಅಲ್ಲಿಂದ ಹೋದರೆ ಕಡಿತ ಸೊನ್ನೆ. ಬೇರೆಯವರು ಏಬಲ್ ಖಾತೆಗೆ ಹಾಕಿದ್ದು ಫಲಾನುಭವಿಯ ಆದಾಯವಲ್ಲ, ಅಲ್ಲಿಂದ ತೆಗೆದದ್ದೂ ಆದಾಯವಲ್ಲ. ವರ್ಷಕ್ಕೆ ಹೆಚ್ಚು ಕಡಿಮೆ 4,000 ಡಾಲರ್ ಉಳಿಸುವ ಈ ದಾರಿ ಗೊತ್ತಿಲ್ಲದೆ ಎಷ್ಟೋ ಮನೆಗಳು ಇನ್ನೂ ನೇರವಾಗಿಯೇ ಬಾಡಿಗೆ ಕಟ್ಟುತ್ತಿವೆ. ಊಟದ ವಿಷಯದಲ್ಲಿ ಈಗ ಈ ಸರ್ಕಸ್ ಬೇಡ: 2024ರ ಸೆಪ್ಟೆಂಬರ್ 30ರಿಂದ ಬೇರೆಯವರು ಕೊಟ್ಟ ಊಟ, ದಿನಸಿಯನ್ನು ಲೆಕ್ಕಕ್ಕೆ ಹಿಡಿಯುತ್ತಿಲ್ಲ.

ಎಡವುವುದು ತಾರೀಖಿನಲ್ಲಿ. ಬಾಡಿಗೆ, ಗೃಹಸಾಲದ ಕಂತು, ಆಸ್ತಿ ತೆರಿಗೆ, ವಿದ್ಯುತ್, ಗ್ಯಾಸ್, ನೀರು, ಕಸದ ಬಿಲ್ಲು: ಇವು ವಸತಿ ಖರ್ಚು. ಇವಕ್ಕಾಗಿ ತೆಗೆದ ಹಣ ಅದೇ ತಿಂಗಳೊಳಗೆ ಖರ್ಚಾಗಬೇಕು. ಏಪ್ರಿಲ್ 1ರ ಬಾಡಿಗೆಗೆಂದು ಮಾರ್ಚ್ 28ಕ್ಕೆ 1,500 ಡಾಲರ್ ತೆಗೆದು ಸಾಮಾನ್ಯ ಬ್ಯಾಂಕ್ ಖಾತೆಗೆ ಹಾಕಿದಿರಿ ಎನ್ನಿ. ಏಪ್ರಿಲ್ 1 ಹುಟ್ಟುವ ಹೊತ್ತಿಗೆ ಅದು ಅಲ್ಲೇ ಕೂತಿರುತ್ತದೆ. ಅಲ್ಲಿ ಮೊದಲೇ 700 ಇದ್ದರೆ ಒಟ್ಟು 2,200, ಏಪ್ರಿಲ್‌ನ ಎಸ್‌ಎಸ್‌ಐ ಹೋಯಿತು. ಒಂದನೇ ತಾರೀಖಿನ ನಂತರ ತೆಗೆದು ಆ ವಾರವೇ ಕಟ್ಟಿ, ಅಥವಾ ಏಬಲ್ ಖಾತೆಯಿಂದಲೇ ನೇರ ಪಾವತಿ ಇಡಿ. ವೀಲ್‌ಚೇರ್, ಥೆರಪಿ, ಫೋನ್, ಬಸ್ ಪಾಸ್, ಕೋರ್ಸಿನ ಶುಲ್ಕಕ್ಕೆ ಇಷ್ಟು ಬಿಗಿಯಿಲ್ಲ. ಅವಕ್ಕೆಂದು ತೆಗೆದ ಹಣ ಬೇರೆಯಾಗಿ ಗುರುತಿಸುವಂತಿದ್ದರೆ ಮುಂದಿನ ತಿಂಗಳಿಗೆ ಉಳಿದರೂ ನಡೆಯುತ್ತದೆ. ರಸೀದಿ ಇಟ್ಟುಕೊಳ್ಳಿ. ಸಂಬಂಧವಿಲ್ಲದ ಖರ್ಚಿಗೆ ಹೋದರೆ ಗಳಿಕೆಯ ಭಾಗಕ್ಕೆ ತೆರಿಗೆ, ಅದರ ಮೇಲೆ ಶೇ. 10 ದಂಡ.

ಎರಡನೇ ತಪ್ಪು ಕಲ್ಪನೆ ಸಂಬಳದ ಬಗ್ಗೆ. ಸಂಬಳವನ್ನು ನೇರವಾಗಿ ಏಬಲ್ ಖಾತೆಗೆ ಹಾಕಿಸಿಕೊಂಡರೆ ಆದಾಯ ಮುಚ್ಚಿಹೋಗುವುದಿಲ್ಲ. ಬೇರೆ ಆದಾಯವಿಲ್ಲದಿದ್ದರೆ ತಿಂಗಳ ಒಟ್ಟು ಸಂಬಳದಲ್ಲಿ ಮೊದಲ 85 ಡಾಲರ್ ಬಿಟ್ಟು, ಉಳಿದದ್ದರ ಅರ್ಧವನ್ನು ಎಸ್‌ಎಸ್‌ಐನಿಂದ ಕಳೆಯುತ್ತಾರೆ. 1,085 ಡಾಲರ್ ದುಡಿದರೆ 500 ಕಡಿತ, ಹಣ ಯಾವ ಖಾತೆಗೆ ಹೋದರೂ ಸರಿ. ಏಬಲ್ ಕಾಪಾಡುವುದು ಉಳಿಸಿದ್ದನ್ನು, ಗಳಿಸಿದ್ದನ್ನಲ್ಲ.

ಇನ್ನು ಕನ್ನಡದ ಕುಟುಂಬಗಳಿಗೆ ಇರುವ ಪ್ರತ್ಯೇಕ ತೊಡಕು. ಜೊತೆಯಲ್ಲಿರುವ ಮಗುವಿಗೆ 18 ತುಂಬುವವರೆಗೆ ತಂದೆ ತಾಯಿಯ ಆದಾಯ, ಆಸ್ತಿಯನ್ನೂ ಸೇರಿಸಿ ನೋಡುವುದರಿಂದ ಸಾಫ್ಟ್‌ವೇರ್ ಸಂಬಳದ ಮನೆಗೆ ಎಸ್‌ಎಸ್‌ಐ ಸಿಗುವುದೇ ಇಲ್ಲ, ಹಾಗಾಗಿ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. 18 ತುಂಬಿದ ಮೇಲೆ ಆ ಸೇರಿಕೆ ನಿಲ್ಲುತ್ತದೆ, ಮಗುವಿನದ್ದೇ ಹೆಸರಿನಲ್ಲಿ ಏನಿದೆ ಎಂಬ ಪ್ರಶ್ನೆ ಏಳುತ್ತದೆ. ಆಗ ಹೊರಬರುತ್ತದೆ: ಮೈಸೂರಿನ ಬ್ಯಾಂಕಿನಲ್ಲಿ ಅಜ್ಜ ಮೊಮ್ಮಗಳ ಹೆಸರಿಗೆ ಮಾಡಿಸಿದ ಎಫ್‌ಡಿ, ನಾಮಕರಣಕ್ಕೆ ಬಂದ ಹಣದ ಖಾತೆ, ಹುಬ್ಬಳ್ಳಿಯ ಹೊರವಲಯದಲ್ಲೊಂದು ಸೈಟು. ಆಸ್ತಿ ಭಾರತದಲ್ಲಿದೆ ಎಂಬ ಕಾರಣಕ್ಕೆ ಬಿಡುವುದಿಲ್ಲ. ಮಾರುವ, ತೆಗೆಯುವ ಹಕ್ಕಿದ್ದರೆ ಅದು ಲೆಕ್ಕಕ್ಕೆ. ಈಗಿನ ವಿನಿಮಯ ದರದಲ್ಲಿ 2 ಲಕ್ಷ ರೂಪಾಯಿಯ ಒಂದೇ ಠೇವಣಿ ಮಿತಿಯನ್ನು ದಾಟಿಸುತ್ತದೆ. ಜಂಟಿ ಖಾತೆಯಾದರೆ ಪೂರ್ತಿ ಹಣ ಫಲಾನುಭವಿಯದ್ದೇ ಎಂದು ಮೊದಲು ಊಹಿಸುತ್ತಾರೆ. ಅಲ್ಲ ಎಂದು ದಾಖಲೆ ಸಮೇತ ತೋರಿಸುವುದು ನಮ್ಮ ಪಾಡು. ಒಡವೆಯಲ್ಲಿ ಒಂದು ಸಮಾಧಾನ: ಹಾಕಿಕೊಳ್ಳುವ, ಮನೆತನದ ನೆನಪಿಗೆ ಇಟ್ಟುಕೊಂಡ ಸರ ಬಳೆ ಲೆಕ್ಕಕ್ಕಿಲ್ಲ. ಹೂಡಿಕೆಗೆಂದು ಕೊಂಡ ಚಿನ್ನದ ನಾಣ್ಯ, ಬಿಸ್ಕತ್ತು ಲೆಕ್ಕಕ್ಕಿದೆ.

ಗಾಬರಿಯಲ್ಲಿ ಎಫ್‌ಡಿಯನ್ನು ತಂಗಿಯ ಹೆಸರಿಗೆ ಮಾಡಿಬಿಡುವುದು ಇನ್ನೂ ಕೆಟ್ಟದ್ದು. ಅರ್ಜಿಗೆ ಹಿಂದಿನ 36 ತಿಂಗಳಲ್ಲಿ ಬೆಲೆ ಪಡೆಯದೆ ಕೊಟ್ಟ ಆಸ್ತಿಯನ್ನು ಹುಡುಕುತ್ತಾರೆ. ಮೊತ್ತಕ್ಕೆ ತಕ್ಕಂತೆ 36 ತಿಂಗಳವರೆಗೂ ಎಸ್‌ಎಸ್‌ಐ ತಡೆಯಬಹುದು. ಸರಿಯಾದ ಕ್ರಮ ಇದು: ಅರ್ಜಿ ಹಾಕುವ ಮೊದಲೇ ಠೇವಣಿ ಮುರಿಸಿ, 20,000 ಡಾಲರ್‌ವರೆಗೆ ಮಗುವಿನದೇ ಏಬಲ್ ಖಾತೆಗೆ ತನ್ನಿ. ಹೆಚ್ಚಿದ್ದರೆ ಡಿಸೆಂಬರ್‌ನಲ್ಲಿ ಒಂದು ಕಂತು, ಜನವರಿಯಲ್ಲಿ ಇನ್ನೊಂದು. ವರ್ಷ ಬದಲಾದರೆ ಮಿತಿ ಹೊಸದು. ಅಮೆರಿಕದಲ್ಲಿ ಮಗುವಿನ ಹೆಸರಿಗೆ ತೆರೆದು ದೊಡ್ಡವರು ನೋಡಿಕೊಳ್ಳುವ ಯುಟಿಎಂಎ ಖಾತೆಗೂ ಇದೇ ಮಾತು, ರಾಜ್ಯದ ಕಾನೂನಿನಂತೆ ಪ್ರಾಯಕ್ಕೆ ಬಂದ ದಿನ ಅದು ಮಗುವಿನ ಆಸ್ತಿಯಾಗುತ್ತದೆ. ಕಾಲೇಜಿಗೆಂದು 529 ಎಂಬ ಶಿಕ್ಷಣ ಉಳಿತಾಯ ಯೋಜನೆಯಲ್ಲಿ ಕಟ್ಟಿದ ಹಣವನ್ನು ವಾರ್ಷಿಕ ಮಿತಿಯೊಳಗೆ ಏಬಲ್‌ಗೆ ತಿರುಗಿಸಬಹುದು. ಇನ್ನು ಮುಂದೆ ಅಜ್ಜ ಅಜ್ಜಿ ಏನಾದರೂ ಕೊಡುವುದಿದ್ದರೆ ತಂದೆ ತಾಯಿಯ ಖಾತೆಗೆ ಕಳಿಸಲಿ, ಅಲ್ಲಿಂದ ಏಬಲ್‌ಗೆ ಹೋಗಲಿ. ಮಗುವಿನ ಸಾಮಾನ್ಯ ಖಾತೆಗೆ ಬಿದ್ದ ಉಡುಗೊರೆ ಆ ತಿಂಗಳ ಆದಾಯವಾಗಿಬಿಡುತ್ತದೆ.

ಯಾವ ರಾಜ್ಯದ ಯೋಜನೆ? ಸ್ವಂತ ರಾಜ್ಯದ್ದೇ ಆಗಬೇಕೆಂದಿಲ್ಲ. ಓಹಾಯೋ, ಕ್ಯಾಲಿಫೋರ್ನಿಯಾ, ವರ್ಜೀನಿಯಾದ ಯೋಜನೆಗಳಿಗೆ ಹೊರಗಿನವರೂ ಸೇರಬಹುದು. ನ್ಯೂಯಾರ್ಕ್, ಫ್ಲಾರಿಡಾದ್ದು ಅಲ್ಲಿನ ನಿವಾಸಿಗಳಿಗೆ ಮಾತ್ರ. ತಂದೆ ತಾಯಿ ಕಟ್ಟುವ ಹಣಕ್ಕೆ ನಿಮ್ಮ ರಾಜ್ಯ ತೆರಿಗೆ ವಿನಾಯಿತಿ ಕೊಡುತ್ತಿದ್ದರೆ ಅಲ್ಲೇ ತೆರೆಯಿರಿ. ಇಲ್ಲದಿದ್ದರೆ ಮೂರನ್ನೇ ಹೋಲಿಸಿ ನೋಡಿದರೆ ಸಾಕು: ವಾರ್ಷಿಕ ಶುಲ್ಕ, ಡೆಬಿಟ್ ಕಾರ್ಡ್ ಇದೆಯೇ, ಠೇವಣಿ ವಿಮೆಯಿರುವ ನಗದು ಆಯ್ಕೆ ಇದೆಯೇ. ಒಂದೆರಡು ಸಾವಿರ ಡಾಲರ್ ಇಡುವವರಿಗೆ ಶುಲ್ಕವೇ ಗಳಿಕೆಯನ್ನು ನುಂಗುತ್ತದೆ. ಹೂಡಿಕೆಯ ಆಯ್ಕೆಯನ್ನು ವರ್ಷಕ್ಕೆ ಎರಡೇ ಬಾರಿ ಬದಲಿಸಬಹುದು. ಬಾಡಿಗೆ ಹಣವನ್ನು ಷೇರು ನಿಧಿಯಲ್ಲಿಟ್ಟು ಕೂರಬೇಡಿ.

ಆ ಕಳೆದ ಒಂದು ಅಂಕ ಖಾತೆದಾರರು ತೀರಿಕೊಂಡ ನಂತರದ ನಿಯಮಕ್ಕೆ. ಬಾಕಿ ಖರ್ಚು, ಅಂತ್ಯಕ್ರಿಯೆಯ ವೆಚ್ಚ ಕಳೆದು ಉಳಿದ ಹಣದ ಮೇಲೆ, ಖಾತೆ ತೆರೆದಂದಿನಿಂದ ಮೆಡಿಕೇಡ್ ಮಾಡಿದ ಖರ್ಚಿಗಾಗಿ ರಾಜ್ಯ ಹಕ್ಕು ಸಾಧಿಸಬಹುದು. ಇದನ್ನು ಕೈಬಿಟ್ಟ ರಾಜ್ಯಗಳೂ ಉಂಟು, ನಿಮ್ಮದನ್ನು ನೋಡಿಕೊಳ್ಳಿ. ಆದ್ದರಿಂದ ಮನೆ ಮಾರಿದ ಹಣ, ಜೀವವಿಮೆಯ ಮೊತ್ತದಂಥ ದೊಡ್ಡ ಗಂಟಿಗೆ ತಂದೆ ತಾಯಿ ತಮ್ಮ ಹಣದಿಂದಲೇ ಮಾಡುವ ಸ್ಪೆಷಲ್ ನೀಡ್ಸ್ ಟ್ರಸ್ಟ್ (ಅಂಗವಿಕಲರ ಖರ್ಚಿಗೆಂದು ಟ್ರಸ್ಟಿಯೊಬ್ಬರು ನಿಭಾಯಿಸುವ ನಿಧಿ) ಸರಿ. ಅದಕ್ಕೆ ವಾರ್ಷಿಕ ಮಿತಿಯಿಲ್ಲ, ಮೆಡಿಕೇಡ್ ವಸೂಲಿಯೂ ಇಲ್ಲ. ಆದರೆ ವಕೀಲರ ಶುಲ್ಕ ಸಾವಿರಾರು ಡಾಲರ್, ಮತ್ತು ಟ್ರಸ್ಟ್ ನೇರವಾಗಿ ಬಾಡಿಗೆ ಕಟ್ಟಿದರೆ ಮತ್ತೆ ಅದೇ ಕಡಿತ. ಟ್ರಸ್ಟಿನಿಂದ ಏಬಲ್‌ಗೆ, ಏಬಲ್‌ನಿಂದ ಬಾಡಿಗೆಗೆ ಹರಿಸಿದರೆ ಎರಡರ ಲಾಭವೂ ಸಿಗುತ್ತದೆ.

ಖಾತೆ 1,00,000 ದಾಟಿದರೂ ಆಕಾಶ ಬೀಳುವುದಿಲ್ಲ. ಮೇಲಿನ ಮೊತ್ತವಷ್ಟೇ ಉಳಿದ ಉಳಿತಾಯಕ್ಕೆ ಸೇರುತ್ತದೆ. ಅದರಿಂದ 2,000 ಮೀರಿದರೆ ಎಸ್‌ಎಸ್‌ಐ ತಾತ್ಕಾಲಿಕವಾಗಿ ನಿಂತು, ಮೆಡಿಕೇಡ್ ಮುಂದುವರಿಯುತ್ತದೆ. ಸಾಮಾನ್ಯ ಬ್ಯಾಂಕ್ ಉಳಿತಾಯ ಮಿತಿ ಮೀರಿದಾಗ ಹೀಗಲ್ಲ: 12 ತಿಂಗಳು ನಿಂತೇ ಇದ್ದರೆ ಹೊಸದಾಗಿ ಅರ್ಜಿ ಹಾಕಬೇಕು.

ಬರುತ್ತಿರುವುದು ಎಸ್‌ಎಸ್‌ಡಿಐ ಮಾತ್ರವಾದರೆ ಈ ಲೆಕ್ಕಾಚಾರವೇ ಬೇಡ, ಅದಕ್ಕೆ ಉಳಿತಾಯದ ಮಿತಿಯಿಲ್ಲ. ಹೆಸರುಗಳು ಒಂದೇ ಥರ ಇರುವುದರಿಂದ ಕಾಗದ ತೆಗೆದು ಯಾವುದೆಂದು ಮೊದಲು ನೋಡಿ.

ಊರಿಗೆ ಹೋಗುವವರಿಗೆ ಕೊನೆಯದೊಂದು ವಿಷಯ. ಅಮೆರಿಕದ ಹೊರಗೆ ಸತತ 30 ದಿನ ಇದ್ದರೆ ಎಸ್‌ಎಸ್‌ಐ ನಿಲ್ಲುತ್ತದೆ, ಮರಳಿ ಬಂದು ಸತತ 30 ದಿನ ಕಳೆದ ಮೇಲೆ ಮತ್ತೆ ಶುರು. ಏಬಲ್ ಖಾತೆಗೆ ಇದರಿಂದ ತೊಂದರೆಯಿಲ್ಲ, ಅದರಿಂದ ಬಾಡಿಗೆ ಹೋಗುತ್ತಲೇ ಇರಬಹುದು. ಪ್ರಯಾಣವಾಗಲಿ, ಊರಿನಲ್ಲಿ ಪಾಲಿಗೆ ಬಂದ ಆಸ್ತಿಯಾಗಲಿ, ಬದಲಾವಣೆಯಾದ ಮುಂದಿನ ತಿಂಗಳ 10ರೊಳಗೆ ಎಸ್‌ಎಸ್‌ಐ ನೋಡಿಕೊಳ್ಳುವ ಸೋಶಿಯಲ್ ಸೆಕ್ಯುರಿಟಿ ಕಚೇರಿಗೆ ತಿಳಿಸಿ, ತಿಳಿಸಿದ್ದಕ್ಕೆ ರಸೀದಿ ಪಡೆದುಕೊಳ್ಳಿ.