ಕಾಯೋಟಿಗೆ .17 ಎಚ್‌ಎಮ್‌ಆರ್ ಸಾಲದು: ನನ್ನಿಂದಾದ ತಪ್ಪು ನಿಮ್ಮಿಂದ ಆಗದಿರಲಿ

ಟೆಕ್ಸಸ್‌ನ ಹಿಲ್ ಕಂಟ್ರಿಯಲ್ಲಿ ಮೇಕೆ ಸಾಕುವ ಗೆಳೆಯರೊಬ್ಬರ ಹಟ್ಟಿಯಿಂದ ಕಾಯೋಟಿಗಳು (ತೋಳದ ಜಾತಿಯ, ಅದಕ್ಕಿಂತ ಚಿಕ್ಕ ಕಾಡುಪ್ರಾಣಿಗಳು) ಎಳೆಯ ಮರಿಗಳನ್ನು ಒಂದೊಂದಾಗಿ ಹೊತ್ತೊಯ್ಯತೊಡಗಿದಾಗ, ಹಂಟಿಂಗ್ ಲೈಸೆನ್ಸ್ ಇದ್ದ ನಾನು ಕಾವಲಿಗೆ ಒಪ್ಪಿಕೊಂಡು ಅದಕ್ಕೆಂದೇ .17 ಎಚ್‌ಎಮ್‌ಆರ್ ಎಂಬ ಸಣ್ಣ ತೋಟಾ ಹಾರಿಸುವ ಒಂದು ರೈಫಲ್ ಕೊಂಡೆ. ತೋಟಾ ಆರಿಸುವಲ್ಲಿ ನಾನು ಮಾಡಿದ ತಪ್ಪಿಗೆ ಒಂದು ಪ್ರಾಣಿ ನರಳಿ ಸತ್ತಿತು. ಮಲೆನಾಡಿನಲ್ಲಿ ಅಜ್ಜನ ತೋಟಾಕೋವಿ ಮತ್ತು ಚರೆಗಳನ್ನು ನೋಡಿ ಬೆಳೆದವನಿಗೆ ರೈಫಲ್ಲಿನ ಲೆಕ್ಕವೇ ಬೇರೆ ಎಂಬುದು ಹೊಳೆದಿರಲಿಲ್ಲ.

ಡಬ್ಬಿಯ ಮೇಲೆ ಸೆಕೆಂಡಿಗೆ 2550 ಅಡಿ ಎಂದು ಅಚ್ಚಾಗಿತ್ತು. ಎಲ್ಲರ ಬಳಿಯೂ ಇರುವ .22 ಲಾಂಗ್ ರೈಫಲ್ ತೋಟಾದ ವೇಗ ಸುಮಾರು 1200 ಅಡಿಯಾದ್ದರಿಂದ, ಎರಡು ಪಟ್ಟು ವೇಗ, ದೊಡ್ಡ ರೈಫಲ್ಲುಗಳಿಗಿಂತ ಕಡಿಮೆ ಸದ್ದು, ಹೆಗಲಿಗೆ ಒದೆತವೇ ಇಲ್ಲ ಎಂದು ಅಂಗಡಿಯವನು ಹೇಳಿದ್ದನ್ನು ನಾನು ನಂಬಿದೆ. ಕಾಗದದ ಗುರಿಯ ಮೇಲೆ 100 ಗಜದಲ್ಲಿ ಐದೂ ಗುಂಡುಗಳು ಒಂದು ನಾಣ್ಯದಗಲದಲ್ಲಿ ಬಿದ್ದದ್ದು ಆ ನಂಬಿಕೆಯನ್ನು ಗಟ್ಟಿಮಾಡಿತು. ನಾನು ನೋಡದೇ ಬಿಟ್ಟದ್ದು ಗುಂಡಿನ ತೂಕ: 17 ಗ್ರೇನ್, ಅಂದರೆ ಒಂದು ಗ್ರಾಮಿಗಿಂತ ತುಸು ಹೆಚ್ಚು. ನಳಿಗೆಯ ಬಾಯಲ್ಲಿ 245 ಅಡಿ-ಪೌಂಡ್ (ಗುಂಡಿನ ಹೊಡೆತದ ಅಳತೆ) ಇರುವ ಅದರ ಬಲ 200 ಗಜ ತಲುಪುವಷ್ಟರಲ್ಲಿ ಮೂರನೇ ಒಂದು ಪಾಲಿಗಿಂತಲೂ ಕೆಳಗೆ ಇಳಿದುಬಿಡುತ್ತದೆ. ಗಂಟೆಗೆ 10 ಮೈಲಿಯ ಅಡ್ಡಗಾಳಿ ಬೀಸಿದರೆ ಅಷ್ಟು ದೂರದಲ್ಲಿ ಗುಂಡು ಒಂದು ಅಡಿಗೂ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ.

ಬೆಳಗಿನ ಜಾವ ಸುಮಾರು 170 ಗಜ ದೂರದಲ್ಲಿ ಅಡ್ಡಲಾಗಿ ನಿಂತಿದ್ದ ಕಾಯೋಟಿಗೆ ಈಡು ಹೊಡೆದೆ. ಅದು ಗಕ್ಕನೆ ತಿರುಗಿ ತನ್ನ ಹಿಂಪಕ್ಕೆಯನ್ನೇ ಕಚ್ಚಿಕೊಂಡು, ಎರಡು ಸುತ್ತು ಗಿರಗಿರನೆ ತಿರುಗಿ, ಸೀಡರ್ ಪೊದೆಗಳ ಕಡೆಗೆ ಓಡಿತು. ಸುಣ್ಣಕಲ್ಲಿನ ಮೇಲೆ ಸಾಸಿವೆ ಕಾಳಿನಷ್ಟು ದಪ್ಪದ ನಾಲ್ಕು ರಕ್ತದ ಹನಿಗಳು ಮತ್ತು ಒಂದು ಚಿಟಿಕೆ ಬೂದು ಕೂದಲು, ಇಷ್ಟೇ ಸಿಕ್ಕಿದ್ದು. ನಡುಮಧ್ಯಾಹ್ನದವರೆಗೆ ಮಂಡಿಯೂರಿ ಹುಡುಕಿದೆವು. ಮೂರನೆಯ ದಿನ ಆ ಪೊದೆಗಳ ಮೇಲೆ ರಣಹದ್ದುಗಳು ಸುತ್ತುತ್ತಿದ್ದವು.

ಪ್ರೇರಿ ಡಾಗ್‌ನಂಥ (ಬಿಲದಲ್ಲಿ ಬದುಕುವ ಅಳಿಲಿನ ಜಾತಿಯ ಪ್ರಾಣಿ) ಸಣ್ಣ ಜೀವಿಗಳಿಗೆ ತಾಗಿದೊಡನೆ ಸಿಡಿದು ಚೂರಾಗಲೆಂದೇ ಈ ಗುಂಡಿನ ಕವಚವನ್ನು ತೆಳುವಾಗಿ ಮಾಡಿರುತ್ತಾರೆ. ಹದಿನೈದು ಕಿಲೋದ ಪ್ರಾಣಿಯಲ್ಲಿ ಅದು ಒಳಗಿನ ಅಂಗ ಮುಟ್ಟುವ ಮೊದಲೇ ಪಕ್ಕೆಲುಬಿನ ಮೇಲೆ ಪುಡಿಯಾಗಿ, ಕೊಲ್ಲದ ಗಾಯವನ್ನಷ್ಟೇ ಮಾಡಬಹುದು. ಈಗ ಆ ರೈಫಲ್ಲನ್ನು 100 ಗಜದೊಳಗಿನ ಮೊಲಗಳಿಗೆ ಮಾತ್ರ ಇಟ್ಟುಕೊಂಡಿದ್ದೇನೆ.

ಕಾಯೋಟಿಗಾದರೆ .223 ರೆಮಿಂಗ್ಟನ್ ಎಂಬ ದೊಡ್ಡ ತೋಟಾಕ್ಕಿಂತ ಕೆಳಗೆ ಇಳಿಯಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ. 55 ಗ್ರೇನ್ ಗುಂಡಿನಲ್ಲಿ ಅದರ ಬಲ ಸುಮಾರು 1280 ಅಡಿ-ಪೌಂಡ್, ತೋಟಾವೂ ಎಲ್ಲ ಅಂಗಡಿಗಳಲ್ಲಿ ಸಿಗುತ್ತದೆ. ಬಯಲು ವಿಶಾಲವಾಗಿದ್ದರೆ ಅದಕ್ಕಿಂತ ವೇಗದ .22-250 ತೋಟಾ ಇನ್ನೂ ದೂರಕ್ಕೆ ನೇರವಾಗಿ ಹೋಗುತ್ತದೆ, ಆದರೆ ನಳಿಗೆ ಬೇಗ ಕಾದು ಬೇಗ ಸವೆಯುತ್ತದೆ; ಗುಂಡನ್ನು ತಿರುಗಿಸುವ ಒಳಗಿನ ಸುರುಳಿ ಗೀರು 14 ಇಂಚಿಗೆ ಒಂದು ಸುತ್ತು ಬರುವ ಹಳೆಯ ನಳಿಗೆಗಳಲ್ಲಿ ಭಾರದ ಉದ್ದ ಗುಂಡುಗಳು ಸ್ಥಿರವಾಗಿ ಹಾರುವುದೂ ಇಲ್ಲ. ಅಗ್ಗವೆಂದು ಪೂರ್ತಿ ತಾಮ್ರಕವಚದ ಗುಂಡು ತರಬೇಡಿ: ಅದು ಪ್ರಾಣಿಯನ್ನು ಸಲೀಸಾಗಿ ತೂರಿ ಹೋಗುತ್ತದೆ, ಕಲ್ಲುನೆಲಕ್ಕೆ ಬಡಿದರೆ ಚಿಮ್ಮಿ ಎಲ್ಲಿಗೆ ಹೋಯಿತೆಂದೇ ತಿಳಿಯುವುದಿಲ್ಲ. ನಳಿಗೆಯ ಮೇಲೆ .223 ಎಂದಷ್ಟೇ ಕೆತ್ತಿದ್ದರೆ, ನೋಡಲು ಒಂದೇ ತರಹವಿದ್ದರೂ ಸೈನ್ಯದ 5.56 ನೇಟೋ ತೋಟಾವನ್ನು ಅದರಲ್ಲಿ ಹಾಕಲೇಬೇಡಿ. ಒತ್ತಡ ಮಿತಿ ಮೀರಬಹುದು.